ಎರಡು ಕಿಲೋಬೈಟಿನ ಮನೆ

ಶಾಲೆಯ ವಿಜ್ಞಾನ ಮೇಳಗಳಲ್ಲಿ ಈಚೆಗೆ ಆರ್ಡುಯಿನೊ ಊನೊ ಹಲಗೆ ಪರಿಚಿತ ಅತಿಥಿ. ಮಣ್ಣಿನ ತೇವವನ್ನು ನೋಡಿ ಪಂಪು ನಡೆಸುವ ಮಾದರಿಗೆ ಅದು ಧಾರಾಳವಾಗಿ ಸಾಕು. ಅದರ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್ ಜಾಗವಿದೆ. ಕೆಲಸ ನಡೆಯುವಾಗ ನೆನಪಿಟ್ಟುಕೊಳ್ಳಲು ಇರುವುದು 2 ಕಿಲೋಬೈಟ್, ಅಂದರೆ 2048 ಬೈಟ್ ಮಾತ್ರ. ಹಿತಮಿತವರಿತವರಿಗೆ ಅದು ಸಂಸಾರ, ದುಂದುಗಾರರಿಗೆ ಸಂಕಟ.

ಇಷ್ಟು ಚಿಕ್ಕ ಮನೆಯೊಳಗೆ ಕಂಪೈಲರ್ ಹಿಡಿಸದು. ಆದುದರಿಂದ ಸಿ ಭಾಷೆಯ ಬರಹವನ್ನು ದೊಡ್ಡ ಕಂಪ್ಯೂಟರಿನಲ್ಲಿಯೇ ಚಿಪ್‌ನ ಯಂತ್ರಭಾಷೆಗೆ ತಿರುಗಿಸಬೇಕು. ಹಾಗೆ ಒಂದು ಯಂತ್ರದಲ್ಲಿದ್ದು ಇನ್ನೊಂದು ಯಂತ್ರಕ್ಕಾಗಿ ದುಡಿಯುವುದೇ ಕ್ರಾಸ್ ಕಂಪೈಲರ್. ಗಡಿನಾಡಿನ ಮನೆಗಳಿಗೆ ಈ ಕೆಲಸ ಹೊಸದಲ್ಲ. ಕಚೇರಿಯಿಂದ ಬಂದ ಪರಭಾಷೆಯ ಕಾಗದವನ್ನು ಅಜ್ಜಿಗೆ ತಿಳಿಸಿಹೇಳುವ ಮೊಮ್ಮಗಳು ಕಾಗದದ ಭಾಷೆಯನ್ನು ಬಲ್ಲರೆ ಸಾಲದು, ಅಜ್ಜಿಯನ್ನೂ ಬಲ್ಲವಳಾಗಿರಬೇಕು.

ಆಯ್ಕೆಯ ಮೊದಲ ಪ್ರಶ್ನೆಯೂ ಅದೇ: ಈ ಕಂಪೈಲರ್ ನಮ್ಮ ಚಿಪ್ಪನ್ನು ಬಲ್ಲುದೆ? 1987ರಲ್ಲಿ ಹೊರಬಂದ ಜಿಸಿಸಿ ಇಂದು ಎವಿಆರ್, ಆರ್ಮ್ ಬಳಗಗಳನ್ನು ಚೆನ್ನಾಗಿ ಬಲ್ಲುದು. ಆರ್ಡುಯಿನೊ ಊನೊಗೆ ದುಡಿಯುವುದೂ ಅದೇ. ಆದರೆ ಕಾಲೇಜುಗಳಲ್ಲಿ ಇನ್ನೂ ಕಲಿಸುವ, 1980ರ 8051 ಚಿಪ್‌ಗೆ ಅದು ಒದಗದು. ಮೂಲ 8051ರ ಒಳಗಿನ ನೆನಪು 128 ಬೈಟ್. ಅಂಥವುಗಳಿಗೆಂದೇ ಎಸ್‌ಡಿಸಿಸಿ ಇದೆ.

ಎರಡನೆಯದು ಗಾತ್ರ. ಜಿಸಿಸಿಗೆ ‘-ಓಎಸ್’ ಎಂಬ ಸೂಚನೆ ಕೊಟ್ಟರೆ ಅದು ವೇಗಕ್ಕಿಂತ ಮಿತವ್ಯಯಕ್ಕೆ ಮಣಿಯುತ್ತದೆ. ಮೂರನೆಯದು ಬೆಲೆ. ಕೆಲವು ವಾಣಿಜ್ಯ ಕಂಪೈಲರುಗಳ ಉಚಿತ ಪ್ರತಿ ಇಂತಿಷ್ಟೇ ಗಾತ್ರದ ಪ್ರೋಗ್ರಾಂ ಕಟ್ಟಬಲ್ಲುದು. ಮಗುವಿನ ಕಲ್ಪನೆ ಬೆಳೆದ ದಿನವೇ ಬಾಗಿಲು ಮುಚ್ಚುತ್ತದೆ. ಜಿಸಿಸಿ, ಎಸ್‌ಡಿಸಿಸಿಗಳು ಮುಕ್ತ ತಂತ್ರಾಂಶಗಳು. ಬಡ ಶಾಲೆಗೂ ಶ್ರೀಮಂತ ಶಾಲೆಗೂ ಅವು ಒಂದೇ.

ಕನ್ನಡ ಶಾಲೆಯ ಮಗುವಿಗೆ ನಾಲ್ಕನೆಯ ಪ್ರಶ್ನೆಯೊಂದಿದೆ. ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು; ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ 3 ಬೈಟ್ ಬೇಕು. ‘ನೀರು’ ಎಂಬ ಪುಟ್ಟ ಪದಕ್ಕೇ 12 ಬೈಟ್. ಕಂಪ್ಯೂಟರಿನ ಪರದೆಗೆ ಕಳುಹಿಸಬೇಕೆಂದು 120 ಬೈಟುಗಳ ಹದಿನೇಳು ಕನ್ನಡ ವಾಕ್ಯಗಳನ್ನು ಬರೆದಿಟ್ಟರೆ 2040 ಬೈಟ್ ತುಂಬಿ, ಚಿಪ್‌ಗೆ ಉಸಿರಾಡಲು ಎಂಟೇ ಬೈಟ್ ಉಳಿಯುತ್ತದೆ. ‘ಇಂಗ್ಲಿಷಿನಲ್ಲಿ ಬರೆದುಬಿಡು’ ಎಂಬ ಸಲಹೆ ಹುಟ್ಟುವುದು ಇಲ್ಲಿಯೇ.

ಆದರೆ ಬದಲಾಗದ ವಾಕ್ಯಗಳು ಆ 2 ಕಿಲೋಬೈಟಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ‘ಪ್ರೋಗ್ಮೆಮ್’ ಎಂದು ಗುರುತಿಟ್ಟು, ಬೇಕಾದಾಗ ಅಲ್ಲಿಂದಲೇ ಓದಿಕೊಳ್ಳುವಂತೆ ಬರೆದರೆ ಅವು 32 ಕಿಲೋಬೈಟಿನ ಉಗ್ರಾಣದಲ್ಲಿ ತಣ್ಣಗೆ ಕುಳಿತಿರುತ್ತವೆ. ಜಾಗವಿಲ್ಲವೆಂದು ಕನ್ನಡವನ್ನು ಹೊರಗಿಡುವ ಮುನ್ನ, ಎಲ್ಲಿ ಜಾಗವಿದೆಯೆಂದು ಹುಡುಕುವುದನ್ನು ಮಕ್ಕಳಿಗೆ ಕಲಿಸಬೇಕು. ಒಳ್ಳೆಯ ಕಂಪೈಲರ್ ಆ ದಾರಿಯನ್ನು ತೆರೆದಿಟ್ಟಿರುತ್ತದೆ.