ನಿಧಾನದ ನಾನಾರ್ಥ

ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತವರೆಲ್ಲರೂ ಪರಸ್ಪರ ಬಂಧುಗಳಾಗಿರಬೇಕೆಂಬ ನಿಯಮವಿಲ್ಲ. ನಿಘಂಟಿನಲ್ಲಿ ಸಮಾನಾರ್ಥಕಗಳೆಂದು ಸಾಲಾಗಿ ಕುಳಿತ ಪದಗಳ ಸಂಗತಿಯೂ ಹಾಗೆಯೇ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದಕೋಶದಲ್ಲಿ ಶಬ್ದಗಳನ್ನು ಅರ್ಥವನ್ನನುಸರಿಸಿ ವಿಂಗಡಿಸಲಾಗಿದೆ. ಅಲ್ಲಿ ಚಲನೆಗೊಂದು ಮನೆ. ಅದರೊಳಗೆ ವೇಗಕ್ಕೊಂದು ಕೋಣೆ, ಮಂದಗತಿಗೊಂದು ಕೋಣೆ.

ಇಂಗ್ಲಿಷಿನ ಈ ಮಂದಗಾಮಿಗಳನ್ನು ಒಮ್ಮೆ ನೋಡಬೇಕು. ಕೆಲಸವಿಲ್ಲದೆ, ಸಂತೋಷಕ್ಕಾಗಿ ಅಡ್ಡಾಡುವವನದು ‘ಸ್ಟ್ರೋಲ್’. ದಣಿದ ಕಾಲುಗಳನ್ನು ಬಲವಂತದಿಂದ ಎತ್ತಿಡುವವನದು ‘ಟ್ರಡ್ಜ್’. ದಾರಿ ಬೇಸರವಾದರೂ ಒಂದೇ ಸಮನೆ ಸಾಗುವವನದು ‘ಪ್ಲಾಡ್’. ಹೊರಟ ಕೆಲಸವನ್ನು ಮರೆತು ಹೊತ್ತು ಕಳೆಯುವವನದು ‘ಡಾಡಲ್’. ಎದ್ದು ನಿಂತರೂ ಹೋಗಲು ಮನಸ್ಸಿಲ್ಲದೆ ಬಾಗಿಲಲ್ಲಿ ತಡೆಯುವ ಅತಿಥಿಯದು ‘ಲಿಂಗರ್’. ಉದ್ದೇಶವೇನೆಂದು ತೋರದೆ ಬೀದಿಯ ಮೂಲೆಯಲ್ಲಿ ಸುಳಿದಾಡುವವನದು ‘ಲಾಯ್ಟರ್’. ಪೊಲೀಸಿನವರ ಕಣ್ಣು ಬೀಳುವುದು ಇವನ ಮೇಲೆಯೇ. ಗಡಿಯಾರ ಹಿಡಿದು ಅಳೆದರೆ ಇವರೆಲ್ಲರ ವೇಗವೂ ಒಂದೇ ಆಗಿರಬಹುದು. ಭೇದವನ್ನು ಎಣಿಸುವುದು ನೋಡುವವನ ಕಣ್ಣು.

ಪದಗಳ ವಂಶವೃಕ್ಷವಂತೂ ಇನ್ನೂ ವಿಚಿತ್ರ. ಲ್ಯಾಟಿನ್ನಿನಲ್ಲಿ ‘ಅಂಬುಲಾರೆ’ ಎಂದರೆ ನಡೆಯುವುದು. ಆರಾಮವಾಗಿ ಅಡಿಯಿಡುವ ‘ಆಂಬಲ್’ ಹುಟ್ಟಿದ್ದು ಅದರಿಂದಲೇ. ಸೈನ್ಯದ ಜೊತೆಯಲ್ಲಿ ಸಂಚರಿಸುತ್ತಿದ್ದ ಫ್ರೆಂಚರ ‘ನಡೆಯುವ ಆಸ್ಪತ್ರೆ’ಯಿಂದ ‘ಆಂಬ್ಯುಲೆನ್ಸ್’ ಬಂದುದೂ ಅದರಿಂದಲೇ. ‘ಫಾಸ್ಟ್’ ಎಂಬುದಕ್ಕೆ ಮೊದಲಿದ್ದ ಅರ್ಥ ಸ್ಥಿರ, ಭದ್ರ ಎಂದು. ಗಾಢನಿದ್ರೆಯಲ್ಲಿರುವವನನ್ನು ಇಂದಿಗೂ ‘ಫಾಸ್ಟ್ ಅಸ್ಲೀಪ್’ ಎನ್ನುತ್ತಾರಷ್ಟೆ. ಅವನು ಓಡುವುದಿರಲಿ, ಮಗ್ಗುಲನ್ನೂ ಬದಲಿಸಲಾರ!

ಇನ್ನು ‘ಸ್ಲೋ’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಜಡ, ಸೋಮಾರಿ, ಮಂದಮತಿ ಎಂಬ ಅರ್ಥಗಳಿದ್ದವು; ಹೆಚ್ಚು ಕಾಲ ಹಿಡಿಯುವುದು ಎಂಬ ಅರ್ಥ ಬಂದದ್ದು ಆಮೇಲೆ. ಅಂದರೆ ಆ ಪದ ಮೊದಲು ದೂರಿತು, ಅನಂತರ ಅಳೆಯಿತು. ಅದರ ಮಗಳೇ ‘ಸ್ಲೋತ್’. ಇದು ಕ್ರೈಸ್ತರು ಎಣಿಸುವ ಏಳು ಮಹಾಪಾಪಗಳಲ್ಲಿ ಒಂದಾದ ಆಲಸ್ಯದ ಹೆಸರು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ಜೋತುಬಿದ್ದು ಬದುಕುವ ಒಂದು ಬಡಪ್ರಾಣಿಗೂ ಇಂಗ್ಲಿಷರು ಇದೇ ಹೆಸರಿಟ್ಟರು. ಸಾರವಿಲ್ಲದ ಎಲೆಗಳನ್ನು ತಿಂದು ಅಲ್ಪ ಶಕ್ತಿಯಲ್ಲಿ ಬಾಳುವ ಅದಕ್ಕೆ ನಿಧಾನವೇ ಜೀವನೋಪಾಯ. ಹೆಸರಿಟ್ಟವರು ಅದರ ತಲೆಗೆ ಪಾಪವನ್ನೇ ಕಟ್ಟಿದರು.

ಇದೆಲ್ಲ ಪಂಡಿತರ ಕಾಲಕ್ಷೇಪವೆನ್ನುವವರುಂಟು. ಆದರೆ ಹೋದ ವರ್ಷ ನೆರೆಮನೆಯವರೊಬ್ಬರು ಮಗನ ಅಂಕಪಟ್ಟಿಯನ್ನು ತಂದು ನನ್ನ ಮುಂದಿಟ್ಟರು. ಷರಾ ಬರೆಯುವ ಜಾಗದಲ್ಲಿ ಒಂದೇ ಪದ: ‘ಸ್ಲೋ’.

“ಮೇಷ್ಟ್ರೇ, ಹೀಗೆಂದರೆ ದಡ್ಡ ಎಂದೇ ಅಲ್ಲವೆ?” ಎಂದು ಕೇಳಿದರು. ಹುಡುಗ ಬಾಗಿಲ ಮರೆಯಲ್ಲಿ ನಿಂತಿದ್ದ. ಒಂದೊಂದು ಅಕ್ಷರವನ್ನೂ ದುಂಡಗೆ ಬರೆಯುವವನು. ಲೆಕ್ಕ ಬಿಡಿಸಿದ ಮೇಲೆ ಮತ್ತೊಮ್ಮೆ ತಾಳೆ ನೋಡುವವನು. ಆ ಪದಕ್ಕೆ ಎರಡು ಅರ್ಥವೂ ಉಂಟು. ಬರೆದವರ ಮನಸ್ಸಿನಲ್ಲಿದ್ದುದು ಯಾವುದೆಂದು ಷರಾ ಹೇಳುವಂತಿರಲಿಲ್ಲ.

“ನಿಧಾನ ಎಂದು ಅರ್ಥ. ಯಾವುದರಲ್ಲಿ ನಿಧಾನ ಎಂಬುದನ್ನು ಶಾಲೆಯಲ್ಲಿ ಕೇಳಿಕೊಂಡು ಬನ್ನಿ” ಎಂದೆ.

ಮರುದಿನ ಅವರು ಹಗುರಾದ ಮುಖದಿಂದ ಬಂದರು. ಬರೆದ ಉತ್ತರಗಳೆಲ್ಲ ಸರಿಯಾಗಿದ್ದವಂತೆ. ಕಡೆಯ ಎರಡು ಪ್ರಶ್ನೆಗಳಿಗೆ ಹೊತ್ತು ಸಾಲದೆ ಹೋಗಿತ್ತಂತೆ.

ಸಂಸ್ಕೃತದಲ್ಲಿ ‘ನಿಧಾನ’ವೆಂದರೆ ನಿಧಿ, ಜೋಪಾನವಾಗಿ ಇರಿಸಿದ ಸಂಪತ್ತು. ಕನ್ನಡದಲ್ಲಿ ಅದು ತಾಳ್ಮೆಯ ಹೆಸರಾಗಿಯೂ ನಿಂತಿದೆ. ಒಬ್ಬರ ನಡೆಗೆ ಹೆಸರಿಡುವ ಮುನ್ನ, ಅದರಲ್ಲಿಯೂ ಮಗುವಿನ ನಡೆಗೆ ಹೆಸರಿಡುವ ಮುನ್ನ, ನಾವೂ ಒಂದು ಕ್ಷಣ ನಿಧಾನಿಸುವುದು ಒಳ್ಳೆಯದು.