ಹೊಸ ಮಸೂರ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರುಂಟು. ವಯಸ್ಸು 64. ಅಂಕಿಗಳನ್ನು ನೋಡಿ ನೋಡಿ ಸವೆದ ಕಣ್ಣುಗಳಿಗೆ ಎರಡು ವರ್ಷದ ಹಿಂದೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ದಿನ ಅವರಿಗೆ ಮೊದಲು ಕಂಡದ್ದು ಎದುರು ಮನೆಯ ತಂತಿಯ ಮೇಲೆ ಕುಳಿತಿದ್ದ ಕಾಜಾಣದ ಕವಲೊಡೆದ ಬಾಲ. ಆ ಹಕ್ಕಿ ಎಷ್ಟು ಕಾಲದಿಂದ ಅಲ್ಲಿ ಕುಳಿತುಕೊಳ್ಳುತ್ತಿತ್ತೋ! ಅಂದಿನಿಂದ ಅವರಿಗೆ ಹಕ್ಕಿಗಳ ಹಂಬಲ ಹಿಡಿಯಿತು. ಮೊದಲು ಒಂದು ಪುಸ್ತಕ ಬಂದಿತು, ಆಮೇಲೆ ಕ್ಯಾಮೆರಾ, ಕೊನೆಗೆ, ಬಾಕಿ ಉಳಿದಿದ್ದ ಪಿಂಚಣಿಯ ಹಣ ಕೈಸೇರಿದಾಗ, 600 ಮಿಲಿಮೀಟರು ನಾಭಿದೂರದ ಟೆಲಿಫೋಟೋ ಮಸೂರ. ಅದೇ ಹಣದಿಂದ ಮಹಡಿಯ ಸೋರಿಕೆ ನಿಲ್ಲಿಸಬಹುದೆಂದು ಮನೆಯಾಕೆ ಎಣಿಸಿದ್ದರು. ಬಾಯಿ ಬಿಟ್ಟು ಹೇಳಲಿಲ್ಲ, ಪೆಟ್ಟಿಗೆ ಬಿಚ್ಚುವಾಗ ಮಾತ್ರ, “ಇದರಲ್ಲಿ ನಮ್ಮ ಕಿಟಕಿಗೆ ಬರುವ ಗುಬ್ಬಿ ಕಾಣುತ್ತದೆಯೇ?” ಎಂದು ಕೇಳಿದರು.

ಗೃಹಸ್ಥರು ಉತ್ಸಾಹದಿಂದ ಕಿಟಕಿಯ ಕಡೆಗೆ ತಿರುಗಿಸಿದರು. ಗುಬ್ಬಿ ಬರಿಯ ಕಂದು ಮಬ್ಬಾಗಿ ಕಂಡಿತು. ಏಳೆಂಟು ಅಡಿಗಿಂತ ಹತ್ತಿರದ ವಸ್ತು ಆ ಮಸೂರಕ್ಕೆ ಸ್ಫುಟವಾಗದು. ಸಮೀಪದ್ದನ್ನು ಕಾಣಲಾರದ ಕಣ್ಣಿಗೆ ಇಷ್ಟು ಬೆಲೆಯೇ ಎಂಬುದು ಆಕೆಯ ಮುಖದಲ್ಲಿಯೇ ಬರೆದಿತ್ತು.

ದೂರದ ವಸ್ತುವನ್ನು ಹಿಗ್ಗಿಸಿ ತೋರಿಸುವ ಈ ಜಾತಿಯ ಮಸೂರ ಹೊಸದೇನೂ ಅಲ್ಲ. 1891ರಲ್ಲಿಯೇ ಇಂಗ್ಲೆಂಡಿನಲ್ಲಿ ಡಾಲ್ಮೇಯರ್, ಜರ್ಮನಿಯಲ್ಲಿ ಮೀಥೆ, ಒಬ್ಬರನ್ನೊಬ್ಬರು ಅನುಸರಿಸದೆ ಇದನ್ನು ಸಾಧಿಸಿದರು. ಮುಂದಿನ ಗಾಜುಗಳು ಬೆಳಕನ್ನು ಕೂಡಿಸುತ್ತವೆ, ಹಿಂದಿನವು ತುಸು ಬಿಡಿಸುತ್ತವೆ; ಆದ್ದರಿಂದ ಎರಡು ಅಡಿ ನಾಭಿದೂರದ ಮಸೂರವು ಅದಕ್ಕಿಂತ ಗಿಡ್ಡವಾದ ಕೊಳವೆಯಲ್ಲಿ ಅಡಗಬಲ್ಲದು. ಸಾಧಾರಣವಾದ 50 ಮಿಲಿಮೀಟರಿನ ಮಸೂರಕ್ಕೆ ಹೋಲಿಸಿದರೆ ಇದು 12 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹಕ್ಕಿಯೊಂದನ್ನೇ ಅಲ್ಲ, ಹಿಡಿದವರ ಕೈನಡುಕವನ್ನೂ ಹಾಗೆಯೇ ತೋರಿಸುತ್ತದೆ. ಅಂಗಡಿಯವರು ಈ ಎರಡನೆಯ ಮಾತನ್ನು ಹೇಳುವುದು ಕಡಿಮೆ.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಅವರು ಅದನ್ನು ರಂಗನತಿಟ್ಟಿಗೆ ಒಯ್ದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವಣ ಈ ನಡುಗಡ್ಡೆಗಳನ್ನು ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಸಾರಿತು. ಮರಗಳ ತುದಿಯಲ್ಲೆಲ್ಲ ಬಣ್ಣದ ಕೊಕ್ಕರೆಗಳ ಸಂಸಾರ. ದೋಣಿ ಹೊರಟೊಡನೆ ಗೃಹಸ್ಥರು ಮಸೂರವನ್ನು ಎತ್ತಿದರು. ಮೊದಲ ಅರ್ಧ ಗಂಟೆ ಅವರಿಗೆ ಸಿಕ್ಕಿದ್ದು ಎಲೆ, ಆಕಾಶ, ನೀರು, ಮತ್ತೆ ಎಲೆ. ಕೈ ಚಾಚಿ ಎರಡು ಬೆರಳು ಹಿಡಿದರೆ ಎಷ್ಟು ಆಕಾಶ ಮರೆಯಾಗುವುದೋ ಅಷ್ಟೇ ಆ ಗಾಜಿಗೆ ಜಗತ್ತು. ಬರಿಗಣ್ಣಿಗೆ ನೂರು ಹಕ್ಕಿ ಇದ್ದ ಮರದಲ್ಲಿ ಮಸೂರಕ್ಕೆ ಒಂದೂ ಸಿಕ್ಕಲೊಲ್ಲದು! ಸಿಕ್ಕಿದ್ದೂ ದೋಣಿಯ ಓಲಾಟಕ್ಕೆ ಜಾರಿಹೋಗುವುದು. ಎರಡೂ ಕಣ್ಣು ತೆರೆದು, ಹಕ್ಕಿಯ ಮೇಲಿನ ದೃಷ್ಟಿ ಕದಲಿಸದೆ, ಕೊಳವೆಯನ್ನೇ ಕಣ್ಣಿಗೆ ತರಬೇಕೆಂಬ ಯುಕ್ತಿ ಅವರಿಗೆ ಬಹಳ ಹೊತ್ತಿನ ಮೇಲೆ ಹೊಳೆಯಿತು.

ಆಗ ಒಂದು ತಾಯಿಕೊಕ್ಕರೆ ಕಂಡಿತು. ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರ್ಧ ಬಿಚ್ಚಿ, ಮರಿಗಳ ಮೇಲೆ ಕೊಡೆ ಹಿಡಿದಂತೆ ನಿಂತಿತ್ತು. ಬಾಲದ ಬಳಿಯ ಗುಲಾಬಿ ಗರಿಗಳ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಗೃಹಸ್ಥರು ಗುಂಡಿಯನ್ನು ಒತ್ತಲು ಮರೆತರು. ಜ್ಞಾಪಕ ಬರುವಷ್ಟರಲ್ಲಿ ಒಂದು ಕೊಂಬೆ ಅಡ್ಡ ಬಂದಿತ್ತು.

ಇಷ್ಟು ಲಾಭವಾದ ಮೇಲೆ ತೃಪ್ತಿಯಾಗಬೇಕಿತ್ತು, ಆಗಲಿಲ್ಲ. ನದಿಯ ನಡುವೆ ಬೋಳು ಬಂಡೆಯೊಂದರ ಮೇಲೆ ರೀವ ಹಕ್ಕಿಯೊಂದು ಕುಳಿತಿತ್ತು: ಕಪ್ಪು ನೆತ್ತಿ, ಹಳದಿ ಕೊಕ್ಕು, ಗಾಳಿಗೆಂದೇ ಕೊರೆದಂತಹ ಮೈ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಂಡೆಯ ಮೇಲೋ ಮರಳಿನ ಮೇಲೋ ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಮಧ್ಯಾಹ್ನ ಅದು ಕೂರುವುದು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವುದಕ್ಕೆ. ಚಿತ್ರದಲ್ಲಿ ಹಕ್ಕಿ ಚಿಕ್ಕದಾಯಿತೆಂದು ಗೃಹಸ್ಥರಿಗೆ ಅನ್ನಿಸಿತು. “ಇನ್ನೂ ಸ್ವಲ್ಪ ಹತ್ತಿರ ಬಿಡಪ್ಪ,” ಎಂದರು.

ಅಂಬಿಗನು ಒಂದು ಹುಟ್ಟು ಹಾಕಿದನು, ಎರಡು ಹುಟ್ಟು ಹಾಕಿದನು. ಹಕ್ಕಿ ಎದ್ದು ನಿಂತಿತು. “ಇನ್ನೂ,” ಎಂದರು ಗೃಹಸ್ಥರು. ಅದು ಕೂಗುತ್ತ ಹಾರಿ ದೋಣಿಯ ಮೇಲೆಯೇ ಸುತ್ತತೊಡಗಿತು. ಅಂಬಿಗನು ಹುಟ್ಟನ್ನು ನೀರಿನಿಂದೆತ್ತಿ ಮಡಿಲಲ್ಲಿಟ್ಟುಕೊಂಡನು.

“ಸ್ವಾಮಿ, ದೂರದ್ದು ಕಾಣ್ಲಿ ಅಂತ್ಲೇ ಅಲ್ವ ಇಷ್ಟುದ್ದದ ಕೊಳ್ವೆ ತಂದಿರೋದು? ಮತ್ಯಾಕೆ ಹತ್ರ ಹೋಗೋದು?”

ಗೃಹಸ್ಥರ ಬಳಿ ಉತ್ತರವಿರಲಿಲ್ಲ. ಬಂಡೆ ಬಿಸಿಲಿಗೆ ಬೆಂದು ಹೊಳೆಯುತ್ತಿತ್ತು. ಅದರ ಮೇಲೆಲ್ಲೋ ಮೊಟ್ಟೆ ನೆರಳಿಲ್ಲದೆ ಬಿದ್ದಿದೆಯೆಂದು ಅವರಿಗೆ ತಿಳಿದಿತ್ತು; ಎಲ್ಲಿ ಎಂಬುದು ಕಾಣುತ್ತಿರಲಿಲ್ಲ. ಕಾಣಿಸಿಕೊಂಡದ್ದು ತಮ್ಮದೇ ಆಸೆ. “ಹಿಂದಕ್ಕೆ ಬಿಡು,” ಎಂದರು. ದೋಣಿ ಹಿಂದೆ ಸರಿದಷ್ಟೂ ಹಕ್ಕಿಯ ಸುತ್ತು ಕಿರಿದಾಯಿತು. ಆದರೂ ಅದು ಇಳಿಯಲೊಲ್ಲದು. ಆ ಕೆಲವು ನಿಮಿಷಗಳು ಗೃಹಸ್ಥರಿಗೆ ಕಚೇರಿಯ ಯಾವ ತಪಾಸಣೆಗಿಂತಲೂ ದೀರ್ಘವಾಗಿದ್ದುವು. ಕಡೆಗೊಮ್ಮೆ ಅದು ಇಳಿಯಿತು. ಅತ್ತಿತ್ತ ನೋಡಿ, ನಾಲ್ಕು ಹೆಜ್ಜೆ ನಡೆದು, ಎದೆಯ ಗರಿ ಕೆದರಿ ಕುಳಿತುಕೊಂಡಿತು. ಅದು ಇಳಿದು ನಡೆಯುತ್ತಿದ್ದಾಗ ಅವರು ಒಂದೇ ಒಂದು ಚಿತ್ರ ತೆಗೆದರು. ಅಷ್ಟರಲ್ಲಿ ಹತ್ತು ಗಂಟೆಯ ಬಿಸಿಲಿಗೆ ಬಂಡೆಯ ಮೇಲಣ ಗಾಳಿ ನಡುಗುತ್ತಿತ್ತು. ಜಿಂಕೆಗೆ ನೀರೆಂಬ ಭ್ರಮೆ ಹುಟ್ಟಿಸುವ ಮರೀಚಿಕೆಯ ದಾಯಾದಿಯೇ ಈ ನಡುಕ. ಕಾದ ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದೇ ಎರಡಕ್ಕೂ ಕಾರಣ. ಎಷ್ಟು ಬೆಲೆಯ ಗಾಜಿನಿಂದಲೂ ಅದಕ್ಕೆ ಪರಿಹಾರವಿಲ್ಲ.

ರಾತ್ರಿ ಮನೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಆ ದಿನದ ನಾನೂರು ಚಿತ್ರಗಳನ್ನೂ ನೋಡಿದರು. ಹೆಚ್ಚಿನವು ಮಬ್ಬು, ಕೆಲವು ಬಾಲ ಮಾತ್ರ, ಒಂದರಲ್ಲಿ ಅಂಬಿಗನ ಮುಂಡಾಸು. ರೀವದ ಚಿತ್ರದಲ್ಲಿ ಹಕ್ಕಿ ಚಿಕ್ಕದು, ಅಂಚುಗಳೂ ಮೆತ್ತಗೆ. ಅದನ್ನು ಅಳಿಸುವುದೋ ಬೇಡವೋ ಎಂದು ಯೋಚಿಸುತ್ತಿರುವಾಗ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ನಡೆದದ್ದನ್ನು ಗೃಹಸ್ಥರು ಮುಚ್ಚಿಡದೆ ಹೇಳಿದರು.

ಆಕೆ ಬಹಳ ಹೊತ್ತು ಪರದೆಯನ್ನೇ ನೋಡಿದರು.

“ಮೊಟ್ಟೆ ಕಾಣಲಿಲ್ಲ ಎಂದಿರಲ್ಲ?” ಎಂದು ಹಕ್ಕಿಯ ಮುಂದೆ, ಬಂಡೆಯ ಸೀಳಿನ ಪಕ್ಕದಲ್ಲಿ ಬೆರಳಿಟ್ಟರು. “ಇಗೋ, ಇಲ್ಲೊಂದು. ಅದರ ಹಿಂದೆ ಇನ್ನೊಂದು.”

ಕಲ್ಲಿನದೇ ಬಣ್ಣ, ಕಲ್ಲಿನ ಮೇಲಣವೇ ಚುಕ್ಕೆ. ಗೃಹಸ್ಥರು ಕನ್ನಡಕವನ್ನು ಒರೆಸಿ ಮತ್ತೊಮ್ಮೆ ಬಾಗಿದರು.