ತಡವಾಗಿ ತಲುಪುವ ಸುದ್ದಿ



ನಿಮ್ಮ ಕಾಗದ ಬಂತು. ಹೃದಯ ವೈಫಲ್ಯವಿರುವ ನಿಮ್ಮ ತಂದೆಯವರ ಉಸಿರು ನಿದ್ದೆಯಲ್ಲಿ ಏರುತ್ತಾ ಹೋಗಿ, ಇಳಿಯುತ್ತಾ ಬಂದು, ನಿಂತೇಬಿಡುತ್ತದೆ. ಇನ್ನೇನು ಅಲುಗಾಡಿಸಿ ಎಬ್ಬಿಸಬೇಕು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ ಎಂದು ಬರೆದಿದ್ದೀರಿ. ಡಬ್ಲಿನ್ನಿನ ವೈದ್ಯ ಜಾನ್ ಚೇನ್ 1818ರಲ್ಲಿ ದಾಖಲಿಸಿದ್ದೂ ಇದನ್ನೇ. ಅವರ ರೋಗಿಯ ಉಸಿರು ಕಾಲು ನಿಮಿಷ ನಿಂತು, ಮೆಲ್ಲಗೆ ಹುಟ್ಟಿ, ಏದುಸಿರಾಗಿ, ಮತ್ತೆ ಅಡಗುತ್ತಿತ್ತು. ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. 1854ರಲ್ಲಿ ಅದೇ ಊರಿನ ವಿಲಿಯಂ ಸ್ಟೋಕ್ಸ್ ಇದನ್ನು ಹೃದ್ರೋಗದ ಜೊತೆಗಿಟ್ಟು ವಿವರಿಸಿದರು. ವೈದ್ಯರು ಇಂದಿಗೂ ಚೇನ್-ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ.

ಶ್ವಾಸಕೋಶ ಚೆನ್ನಾಗಿದ್ದರೂ ಹೀಗೇಕೆ ಎಂದು ಕೇಳಿದ್ದೀರಲ್ಲ, ಅದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಸಿಕ್ಕಿದ್ದು ಗಣಿತದವರಿಂದ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಮಿದುಳು ಉಸಿರಾಟವನ್ನು ಜೋರು ಮಾಡುತ್ತದೆ, ಕಡಿಮೆಯಾದರೆ ತಗ್ಗಿಸುತ್ತದೆ. ಆದರೆ ಶ್ವಾಸಕೋಶದ ಸುದ್ದಿ ಮಿದುಳಿಗೆ ಮುಟ್ಟುವುದು ರಕ್ತ ಹರಿದು ಹೋದ ಮೇಲೆಯೇ. ಹೃದಯ ಸೋತರೆ ರಕ್ತ ನಿಧಾನ, ಸುದ್ದಿಯೂ ತಡ. ಟೆರೇಸಿನ ಸೋಲಾರ್ ನೀರು ಬಚ್ಚಲಿಗೆ ಇಳಿಯುವುದರೊಳಗೆ ನಾವು ನಲ್ಲಿ ಪೂರ್ತಿ ತಿರುಗಿಸಿ, ಸುಡುನೀರು ಬಂದಾಗ ಪೂರ್ತಿ ನಿಲ್ಲಿಸುವುದಿಲ್ಲವೇ, ಹಾಗೆ.

1977ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮ್ಯಾಕಿ, ಲಿಯಾನ್ ಗ್ಲಾಸ್ ಇಷ್ಟನ್ನೂ ಒಂದೇ ಸಾಲಿನ ಸಮೀಕರಣಕ್ಕೆ ಇಳಿಸಿದರು. ದೇಹ ಒಂದೇ ಸಮನೆ ಉತ್ಪಾದಿಸುವ ಕಾರ್ಬನ್ ಡೈಆಕ್ಸೈಡ್‌ನಿಂದ ಉಸಿರು ಹೊರಹಾಕಿದ್ದನ್ನು ಕಳೆಯಬೇಕು. ಚಮತ್ಕಾರವಿರುವುದು ಇಲ್ಲಿ: ಉಸಿರು ಎಷ್ಟು ಎಂಬುದನ್ನು ತೀರ್ಮಾನಿಸುವುದು ಈ ಕ್ಷಣದ ಮಟ್ಟವಲ್ಲ, ಕೆಲವು ಸೆಕೆಂಡ್ ಹಿಂದಿನದು. ಆ ವಿಳಂಬಕ್ಕೆ ಅವರಿಟ್ಟ ಗುರುತು ‘ಟೌ’ ಎಂಬ ಗ್ರೀಕ್ ಅಕ್ಷರ. ಟೌ ಚಿಕ್ಕದಿದ್ದರೆ ಏರುಪೇರು ತಾನಾಗಿ ಅಡಗುತ್ತದೆ. ಮಿತಿ ಮೀರಿದರೆ ಅಲೆ ನಿಲ್ಲುವುದೇ ಇಲ್ಲ.

ವಿಳಂಬವೊಂದೇ ಸಾಲದು ಅನ್ನಿ. 1956ರಲ್ಲಿ ಆರ್ಥರ್ ಗೈಟನ್ ತಂಡ ನಾಯಿಗಳ ಹೃದಯ-ಮಿದುಳುಗಳ ನಡುವಿನ ರಕ್ತದ ಹಾದಿಯನ್ನು ಉದ್ದ ಮಾಡಿ ಇದೇ ಉಸಿರಾಟವನ್ನು ಬರಿಸಿತು. ಆದರೆ ಅದಕ್ಕೆ ರೋಗಿಗಳಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚಿನ ವಿಳಂಬ ಬೇಕಾಯಿತು. ಮಿದುಳು ಸಣ್ಣ ಬದಲಾವಣೆಗೂ ಅತಿಯಾಗಿ ಪ್ರತಿಕ್ರಿಯಿಸುವುದೂ ಲೆಕ್ಕಕ್ಕೆ ಸೇರಬೇಕು. ಎತ್ತರದ ಬೆಟ್ಟಗಳಲ್ಲಿ ಗಟ್ಟಿಮುಟ್ಟಾದವರಿಗೂ ಉಸಿರು ಹೀಗೆ ತೂಗಾಡುವುದು ಆ ಕಾರಣದಿಂದಲೇ.

ಹಾಗಾದರೆ ಯಂತ್ರ ಹಾಕಿ ಅಲೆಯನ್ನು ಸಮ ಮಾಡಿದರಾಯಿತಲ್ಲ? ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ‘ಸರ್ವ್-ಎಚ್‌ಎಫ್’ ಅಧ್ಯಯನದಲ್ಲಿ, ಹೃದಯದ ಪಂಪಿನ ಶಕ್ತಿ ಕುಗ್ಗಿದ ರೋಗಿಗಳಿಗೆ ಉಸಿರನ್ನು ತಾನೇ ಹೊಂದಿಸುವ ಮಾಸ್ಕ್ ಯಂತ್ರ ಕೊಟ್ಟಾಗ ಉಸಿರೇನೋ ಸರಿಹೋಯಿತು, ಹೃದ್ರೋಗದ ಸಾವುಗಳು ಮಾತ್ರ ಹೆಚ್ಚಾದವು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ಮುಖ್ಯ. ಸಮೀಕರಣ ಅಲೆಯ ಕಾರಣ ತೋರಿಸಿತೇ ಹೊರತು ಅಲೆಯನ್ನು ಅದುಮಿ ಎಂದು ಹೇಳಿರಲಿಲ್ಲ. ಔಷಧಿಯಿಂದ ಹೃದಯ ಚೇತರಿಸಿಕೊಂಡರೆ ಎಷ್ಟೋ ಜನರಲ್ಲಿ ಉಸಿರೂ ಹತೋಟಿಗೆ ಬರುತ್ತದೆ.

ಆದ್ದರಿಂದ ಪಕ್ಕದ ಮನೆಯವರ ಮಾತು ಕೇಳಿ ಯಂತ್ರ ಬಾಡಿಗೆಗೆ ತರಬೇಡಿ. ಇವತ್ತು ರಾತ್ರಿ ಮೊಬೈಲಿನಲ್ಲಿ ಎರಡು ಮೂರು ಸುತ್ತು ವಿಡಿಯೊ ಮಾಡಿಕೊಳ್ಳಿ. ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಎಂದೂ ಬರೆದಿಡಿ. ಅದು ಉದ್ದವಾದಷ್ಟೂ ರಕ್ತದ ಓಟ ನಿಧಾನವೆಂದು ಲೆಕ್ಕ. ಎರಡನ್ನೂ ತಡಮಾಡದೆ ಹೃದ್ರೋಗ ತಜ್ಞರಿಗೆ ತೋರಿಸಿ.

ನಿಮ್ಮ ವಿಶ್ವಾಸಿ